ಕೋಲಾರದ ಚಿನ್ನ ಮತ್ತು ಅದರ ಶೇಷ

ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಗಣಿಗಳ ಆಳವನ್ನೂ ಕಂಪೆನಿಗಳ ಲಾಭಾಂಶವನ್ನೂ ವಿವರಿಸಿದ್ದಾರೆ. ಅಗೆದ ಕಲ್ಲಿನಿಂದ ಚಿನ್ನವನ್ನು ಬೇರ್ಪಡಿಸಿದ ಬಗೆಯನ್ನು ರಸಾಯನಶಾಸ್ತ್ರದವರಿಗೆ ಬಿಟ್ಟುಬಿಡುವುದು ವಾಡಿಕೆ. ಆದರೆ ಯಾವುದು ಅದಿರು, ಯಾವುದು ಕಸ ಎಂಬುದನ್ನು ಆಯಾ ಕಾಲದ ಬೇರ್ಪಡಿಸುವ ವಿಧಾನವೇ ನಿರ್ಣಯಿಸಿತೆಂದು ನಾವು ಭಾವಿಸುತ್ತೇವೆ.

ಘನಪದಾರ್ಥಗಳ ಮಿಶ್ರಣವನ್ನು ಬೇರ್ಪಡಿಸಬೇಕಾದರೆ ಅವುಗಳ ಗುಣಗಳಲ್ಲಿ ಯಾವುದಾದರೊಂದು ಭೇದವನ್ನು ಹಿಡಿಯಬೇಕು. ಮೊದಲು ಹಿಡಿದದ್ದು ತೂಕದ ಭೇದ. ಚಿನ್ನವು ನೀರಿಗಿಂತ 19.3ರಷ್ಟು ಭಾರ, ಬೆಣಚುಕಲ್ಲು 2.65ರಷ್ಟು ಮಾತ್ರ. ಮಣ್ಣನ್ನು ಮರಿಗೆಯಲ್ಲಿ ನೀರಿನೊಡನೆ ಕುಲುಕಿದರೆ ಹಗುರವಾದುದು ಹರಿದುಹೋಗಿ ಚಿನ್ನದ ಕಣವು ತಳದಲ್ಲಿ ನಿಲ್ಲುತ್ತದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮಾರಿಕುಪ್ಪದ ಸುತ್ತಿನ ಹಳ್ಳಿಗರಲ್ಲಿ ಕಂಡದ್ದು ಇಂಥ ತೊಳೆಯುವ ಕೆಲಸವನ್ನೇ. ಕಪ್ಪತಗುಡ್ಡದ ಹಳ್ಳಗಳಲ್ಲಿ ಈ ವೃತ್ತಿಯವರು ಜಲಗಾರರೆನಿಸಿದ್ದರು. ಮಣ್ಣಿನಲ್ಲಿ ಚಿನ್ನ ಅರಸುವವನಿಗೂ ಬೀದಿಯ ಕಸ ಗುಡಿಸುವವನಿಗೂ ಕನ್ನಡವು ಒಂದೇ ಹೆಸರನ್ನಿತ್ತಿರುವುದು ಕಡೆಗಣಿಸತಕ್ಕ ಸಂಗತಿಯಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಪ್ರವೇಶಿಸಿದ ಮೇಲೆ ಕೆಲಸದ ಪ್ರಮಾಣವೇ ಬದಲಾಯಿತು. ಒನಕೆಯಂತೆ ಎದ್ದು ಬೀಳುವ ಭಾರವಾದ ಕಬ್ಬಿಣದ ದಿಮ್ಮಿಗಳು ಕಲ್ಲನ್ನು ನುಣ್ಣಗೆ ಕುಟ್ಟುತ್ತಿದ್ದವು. ಆ ಕೆಸರನ್ನು ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯಬಿಡುತ್ತಿದ್ದರು. ಪಾದರಸವು ಚಿನ್ನವನ್ನು ಹಿಡಿದುಕೊಳ್ಳುತ್ತದೆ, ಕಲ್ಲಿನ ಪುಡಿಯನ್ನು ಹಿಡಿಯುವುದಿಲ್ಲ. ಮುಂದೆ ಕಾಯಿಸಿದರೆ ಪಾದರಸವು ಆವಿಯಾಗಿ ಚಿನ್ನವು ಉಳಿಯುತ್ತದೆ. ಆದರೆ ಅತಿಸೂಕ್ಷ್ಮ ಕಣಗಳೂ ಗಂಧಕಯುಕ್ತ ಖನಿಜಗಳಲ್ಲಿ ಹುದುಗಿದವುಗಳೂ ಅದಕ್ಕೆ ಸಿಕ್ಕದೆ ಮರಳಿನೊಡನೆ ಹೊರಬಿದ್ದವು.

1887ರಲ್ಲಿ ಗ್ಲಾಸ್ಗೋ ನಗರದ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಪಡೆದ ಪೇಟೆಂಟು ಈ ಮರಳಿನ ಬೆಲೆಯನ್ನೇ ಮಾರ್ಪಡಿಸಿತು. ತೆಳುವಾದ ಸಯನೈಡ್ ದ್ರಾವಣವು ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸುತ್ತದೆ, ಬೆಣಚುಕಲ್ಲು ಕರಗುವುದಿಲ್ಲ. ದ್ರಾವಣವನ್ನು ಸೋಸಿ ಅದಕ್ಕೆ ಸತುವನ್ನು ಕೂಡಿಸಿದರೆ ಚಿನ್ನವು ಮತ್ತೆ ಘನರೂಪಕ್ಕೆ ಬರುತ್ತದೆ. ಈ ವಿಧಾನವು ಕೋಲಾರವನ್ನು ತಲುಪಿದಾಗ ಹಿಂದಿನವರು ಬಿಸುಟ ಮರಳೇ ಅದಿರಾಯಿತು.

ಯಾವ ವಿಧಾನವೂ ಮಿಶ್ರಣವನ್ನು ಪೂರ್ತಿಯಾಗಿ ಬೇರ್ಪಡಿಸಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಊರಿನ ಜನರು ಸಯನೈಡ್ ದಿಬ್ಬಗಳೆನ್ನುವ ಮರಳ ಗುಡ್ಡಗಳು, ಮೂರು ಕೋಟಿ ಟನ್ನುಗಳಿಗೂ ಮಿಕ್ಕು, ಅಲ್ಲಿಯೇ ನಿಂತಿವೆ. ಟನ್ನಿಗೆ ಗ್ರಾಮಿಗಿಂತ ಕಡಮೆಯಾದರೂ ಅವುಗಳಲ್ಲಿ ಚಿನ್ನವಿದೆಯೆಂದು ಮತ್ತೊಮ್ಮೆ ಸಂಸ್ಕರಿಸುವ ಯೋಜನೆಗಳು ನಡೆದಿವೆ. ಈ ಯೋಜನೆಗಳ ಮಾತಿನಲ್ಲಿ ಚಿನ್ನದ ಅಂದಾಜು ಮೊದಲು ಬರುತ್ತದೆ. ಗಾಳಿಯ ದಿನಗಳಲ್ಲಿ ಲೈನು ಮನೆಗಳೊಳಕ್ಕೆ ನುಗ್ಗುವ ದಿಬ್ಬದ ಧೂಳಿನ ಪ್ರಸ್ತಾಪ ಕೊನೆಯಲ್ಲಿ.