ಕಟ್ಟಡಗಳ ಲೆಕ್ಕ: ಕಾಗದದಿಂದ ಕಂಪ್ಯೂಟರಿಗೆ

ಬಹುಮಹಡಿ ಕಟ್ಟಡದ ಒಂದು ತೊಲೆಯ ಮೇಲೆ ಹೊರೆ ಹೇರಿದರೆ ಅದು ಬಾಗುತ್ತದೆ. ತೊಲೆಯು ಕಂಬಗಳಿಗೆ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಕಂಬಗಳೂ ಬಾಗುತ್ತವೆ. ಅವು ಪಕ್ಕದ ತೊಲೆಗಳನ್ನೂ ಬಾಗಿಸುತ್ತವೆ. ಆದ್ದರಿಂದ ಯಾವ ಭಾಗದ ಮೇಲೆ ಎಷ್ಟು ಬಲ ಬೀಳುತ್ತದೆಂದು ತಿಳಿಯಲು ಅನೇಕ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಅಜ್ಞಾತ ಪರಿಮಾಣಗಳು ಎರಡೋ ಮೂರೋ ಇದ್ದರೆ ನೀವು ತರಗತಿಯಲ್ಲೇ ಬಿಡಿಸಬಲ್ಲಿರಿ. ಅವು ನೂರಾರು ಇದ್ದರೆ? ಕಂಪ್ಯೂಟರ್ ಬರುವ ಮುನ್ನ ಇಂಜಿನಿಯರುಗಳನ್ನು ಕಾಡುತ್ತಿದ್ದ ಪ್ರಶ್ನೆ ಇದೇ.

1930ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ ಒಂದು ಜಾಣ ಉಪಾಯವನ್ನು ಪ್ರಕಟಿಸಿದರು. ಮೊದಲು ಎಲ್ಲ ಕೂಡುಗಳನ್ನೂ ತಿರುಗದಂತೆ ಬಿಗಿದಿದ್ದೇವೆ ಎಂದು ಭಾವಿಸುವುದು. ಅನಂತರ ಒಂದೊಂದನ್ನೇ ಸಡಿಲಿಸಿ, ಸಮತೋಲ ತಪ್ಪಿದ ಭಾಗವನ್ನು ಅಕ್ಕಪಕ್ಕದ ತೊಲೆ, ಕಂಬಗಳಿಗೆ ಹಂಚುವುದು. ಉಳಿದ ತಿದ್ದುಪಡಿ ನಗಣ್ಯವಾಗುವ ತನಕ ಹೀಗೆಯೇ ಮಾಡುವುದು. ಇದಕ್ಕೆ ಕಾಗದ, ಪೆನ್ಸಿಲ್ ಮತ್ತು ತಾಳ್ಮೆ ಇದ್ದರೆ ಸಾಕಿತ್ತು. ಇದರಲ್ಲಿ ಇನ್ನೊಂದು ಲಾಭವೂ ಇತ್ತು: ಹೊರೆ ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂಬುದು ಲೆಕ್ಕ ಮಾಡುವವನ ಕಣ್ಣಿಗೆ ಕಟ್ಟುತ್ತಿತ್ತು.

ತುಂಡುತುಂಡಾಗಿ ನೋಡುವ ವಿಧಾನ

ಆದರೆ ವಿಮಾನದ ರೆಕ್ಕೆ ತೊಲೆ-ಕಂಬಗಳ ಚೌಕಟ್ಟಲ್ಲ. ಅಂಥ ವಸ್ತುವನ್ನು ಚಿಕ್ಕ ಚಿಕ್ಕ ತ್ರಿಕೋನಗಳಾಗಿ ವಿಭಾಗಿಸಿದರೆ ಹೇಗೆ? ಗಣಿತಜ್ಞ ರಿಚರ್ಡ್ ಕೂರಾಂಟ್ 1943ರಲ್ಲಿ ಇಂಥ ವಿಚಾರವನ್ನು ಮಂಡಿಸಿದ್ದರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬ ನಾಲ್ವರು ಅದನ್ನು ವಿಮಾನದ ರಚನೆಗೆ ಹೊಂದುವಂತೆ ರೂಪಿಸಿದರು. 1960ರಲ್ಲಿ ಕ್ಲಫ್ ಇದಕ್ಕೆ ‘ಫೈನೈಟ್ ಎಲಿಮೆಂಟ್ ವಿಧಾನ’ ಎಂಬ ಹೆಸರು ಕೊಟ್ಟರು. ಪ್ರತಿಯೊಂದು ತುಂಡಿನ ವರ್ತನೆಯೂ ಸರಳ. ಆದರೆ ತುಂಡುಗಳು ಸಾವಿರಾರು. ಕಂಪ್ಯೂಟರಿಗೆ ಹೇಳಿ ಮಾಡಿಸಿದ ಕೆಲಸವಿದು.

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1960ರ ದಶಕದಲ್ಲಿ ‘ನಾಸ್ಟ್ರಾನ್’ ತಂತ್ರಾಂಶವನ್ನು ಸಿದ್ಧಪಡಿಸಿತು. 1970ರಲ್ಲಿ ಬರ್ಕ್ಲಿಯ ಎಡ್ವರ್ಡ್ ವಿಲ್ಸನ್ ‘ಸ್ಯಾಪ್’ ಎಂಬ ತಂತ್ರಾಂಶವನ್ನು ಹೊರತಂದರು. ಇಂಗ್ಲಿಷಿನ ಆಡುಮಾತಿನಲ್ಲಿ ಸ್ಯಾಪ್ ಎಂದರೆ ಪೆದ್ದ. ತಂತ್ರಾಂಶಕ್ಕೆ ಸ್ವಂತ ಬುದ್ಧಿಯಿಲ್ಲ ಎಂಬುದು ಬಳಸುವವರಿಗೆ ಸದಾ ನೆನಪಿರಲಿ ಎಂದೇ ವಿಲ್ಸನ್ ಆ ಹೆಸರನ್ನು ಆರಿಸಿದರು!

ಸ್ಲೈಪ್ನರ್ ಕಲಿಸಿದ ಪಾಠ

ಈ ಎಚ್ಚರಿಕೆ ತಮಾಷೆಯ ಮಾತಲ್ಲ ಎಂಬುದು 1991ರ ಆಗಸ್ಟ್ 23ರಂದು ಗೊತ್ತಾಯಿತು. ಉತ್ತರ ಸಮುದ್ರದಲ್ಲಿ ತೈಲ ಮತ್ತು ಅನಿಲ ತೆಗೆಯುವ ‘ಸ್ಲೈಪ್ನರ್-ಎ’ ವೇದಿಕೆಗಾಗಿ 24 ಕೋಶಗಳ ಭಾರಿ ಕಾಂಕ್ರೀಟ್ ತಳಪಾಯವನ್ನು ಕಟ್ಟಲಾಗಿತ್ತು. ನಾರ್ವೆಯ ಸ್ಟಾವಾಂಗರ್ ಬಳಿಯ ಕಡಲಚಾಚಿನಲ್ಲಿ ಪರೀಕ್ಷೆಗಾಗಿ ಅದನ್ನು ಮೆಲ್ಲನೆ ಮುಳುಗಿಸುತ್ತಿದ್ದಾಗ ಒಂದು ಗೋಡೆ ಬಿರಿದು, ನೀರು ನುಗ್ಗಿ, ಇಡೀ ತಳಪಾಯವೇ ತಳ ಸೇರಿತು. ಪ್ರಾಣಹಾನಿಯಾಗಲಿಲ್ಲ. ಆದರೆ ಒಟ್ಟು ನಷ್ಟ ಸುಮಾರು 70 ಕೋಟಿ ಡಾಲರ್. ತಳಪಾಯ ಕಡಲ ತಳಕ್ಕೆ ಬಡಿದ ರಭಸಕ್ಕೆ ರಿಕ್ಟರ್ ಮಾನದಲ್ಲಿ 3ರಷ್ಟು ಕಂಪನ ದಾಖಲಾಯಿತು.

ತಪ್ಪು ಎಲ್ಲಿತ್ತು? ಮೂರು ಕೋಶಗಳು ಸೇರುವ ತ್ರಿಕೋನ ಸಂದಿಗೆ ಸಮುದ್ರದ ನೀರು ಹೋಗಿ ಗೋಡೆಗಳನ್ನು ಒತ್ತುತ್ತಿತ್ತು. ವಿಶ್ಲೇಷಣೆಗೆ ಬಳಸಿದ್ದು ಹೆಸರಾಂತ ನಾಸ್ಟ್ರಾನ್ ತಂತ್ರಾಂಶವನ್ನೇ. ಆದರೆ ಆ ಜಾಗವನ್ನು ತೀರ ದೊಡ್ಡ, ಓರೆಕೋರೆ ತುಂಡುಗಳಾಗಿ ವಿಭಾಗಿಸಲಾಗಿತ್ತು. ಇದರಿಂದಾಗಿ, ಕತ್ತರಿಯ ಅಲಗುಗಳಂತೆ ಗೋಡೆಯನ್ನು ಕತ್ತರಿಸಲು ಯತ್ನಿಸುವ ಷಿಯರ್ ಬಲ ನಿಜಕ್ಕಿಂತ 47% ಕಡಿಮೆ ಎಂದು ಉತ್ತರ ಬಂತು. ಅದನ್ನು ನಂಬಿ ಹಾಕಿದ ಉಕ್ಕು ಸಾಲಲಿಲ್ಲ. ಅಪಘಾತದ ನಂತರ ಸೂಕ್ಷ್ಮವಾಗಿ ವಿಶ್ಲೇಷಿಸಿದಾಗ 62 ಮೀ. ಆಳದ ಒತ್ತಡಕ್ಕೆ ಗೋಡೆ ಒಡೆಯಬೇಕೆಂದು ತಿಳಿಯಿತು. ನಿಜವಾಗಿ ಒಡೆದದ್ದು ಸುಮಾರು 65 ಮೀ.ನಲ್ಲಿ. ಅಂದರೆ ವಿಧಾನ ಸರಿಯಾಗಿಯೇ ಇತ್ತು, ಬಳಕೆ ತಪ್ಪಿತ್ತು.

ನೀವೇ ಲೆಕ್ಕ ಹಾಕಿ ನೋಡಿ. 65 ಮೀ. ಎತ್ತರದ ನೀರು ಪ್ರತಿ ಚದರ ಮೀಟರಿನ ಮೇಲೆ ಸುಮಾರು 65 ಟನ್ ಭಾರದಷ್ಟು ಒತ್ತುತ್ತದೆ. ಉದಾಹರಣೆಗೆ ಗೋಡೆಯ ಅಗಲ 4 ಮೀ. ಎಂದುಕೊಳ್ಳಿ. ಒಂದು ಮೀಟರ್ ಎತ್ತರದ ಪಟ್ಟಿಯ ಮೇಲಿನ ಬಲ 260 ಟನ್. ಎರಡು ತುದಿಗಳು ಇದನ್ನು ಸಮನಾಗಿ ಹೊರಬೇಕು; ತಲಾ 130 ಟನ್. ಇದಕ್ಕೆ ಬೇಕಾದದ್ದು ನ್ಯೂಟನ್ನನ ನಿಯಮವಷ್ಟೆ. ಕಂಪ್ಯೂಟರ್ ಇದರ ಅರ್ಧದಷ್ಟು ಹೇಳಿದರೆ ಅನುಮಾನ ಹುಟ್ಟಬೇಡವೆ? ಬದಲಿ ತಳಪಾಯದ ವಿನ್ಯಾಸವನ್ನು ಕೈಗೆತ್ತಿಕೊಂಡಾಗ ಇಂಜಿನಿಯರುಗಳು ಕಂಪ್ಯೂಟರಿಗೆ ಕಾಯದೆ, ಸ್ಲೈಡ್ ರೂಲ್ ಕಾಲದ ಕೈಲೆಕ್ಕದಿಂದಲೇ ಕೆಲಸ ಆರಂಭಿಸಿದರು. 1993ರಲ್ಲಿ ವೇದಿಕೆ ಕಾರ್ಯಾರಂಭ ಮಾಡಿತು.

ಬದಲಾದದ್ದು, ಬದಲಾಗದ್ದು

ಇಂದಿನ ತಂತ್ರಾಂಶಗಳು ವಿಭಜನೆಯನ್ನು ತಾವೇ ಮಾಡಬಲ್ಲವು. ದೋಷ ಹೆಚ್ಚೆನಿಸಿದ ಕಡೆ ತುಂಡುಗಳನ್ನು ಇನ್ನಷ್ಟು ಚಿಕ್ಕದಾಗಿಸಬಲ್ಲವು. ಕಾಂಕ್ರೀಟು ಬಿರುಕು ಬಿಟ್ಟ ನಂತರದ ವರ್ತನೆಯನ್ನೂ ಭೂಕಂಪದಲ್ಲಿ ಕಟ್ಟಡ ಓಲಾಡುವ ಬಗೆಯನ್ನೂ ಬಣ್ಣದ ಚಿತ್ರಗಳಲ್ಲಿ ತೋರಿಸುತ್ತವೆ. ಆದರೆ ಆಧಾರ ಎಲ್ಲಿದೆ, ಕೂಡು ಎಷ್ಟು ಬಿಗಿ, ಹೊರೆ ಎಷ್ಟು ಎಂಬುದನ್ನು ನಾವು ತಪ್ಪಾಗಿ ಹೇಳಿದರೆ ಉತ್ತರವೂ ತಪ್ಪೇ. ತುಂಡಿನ ಗಣಿತದಲ್ಲೇ ಕೆಲವೊಮ್ಮೆ ಮೋಸವಿರುತ್ತದೆ. ತೆಳು ತೊಲೆಗಳು ಕೆಲವು ಲೆಕ್ಕಗಳಲ್ಲಿ ನಿಜಕ್ಕಿಂತ ಎಷ್ಟೋ ಪಟ್ಟು ಗಡುಸಾಗಿ ತೋರುವುದುಂಟು. ಇದಕ್ಕೆ ‘ಲಾಕಿಂಗ್’ ಎನ್ನುತ್ತಾರೆ. ಇದರ ಮೂಲ ಕಾರಣವನ್ನು ಬಿಡಿಸಿ ಹೇಳಿದವರಲ್ಲಿ ಬೆಂಗಳೂರಿನ ಎನ್.ಎ.ಎಲ್.ನಲ್ಲಿ ವಿಜ್ಞಾನಿಯಾಗಿದ್ದ ಗಂಗನ್ ಪ್ರತಾಪ್ ಪ್ರಮುಖರು.

ಶಿಕ್ಷಕ ಮಿತ್ರರೇ, ಕ್ಯಾಲ್ಕುಲೇಟರಿನ ಗುಂಡಿ ಒತ್ತುವ ಮೊದಲು ಉತ್ತರ ಹತ್ತರಲ್ಲಿರಬೇಕೋ ಸಾವಿರದಲ್ಲಿರಬೇಕೋ ಎಂದು ವಿದ್ಯಾರ್ಥಿಗಳಿಂದ ಅಂದಾಜು ಮಾಡಿಸಿ. ಉತ್ತರ ಬಂದ ಮೇಲೆ ಬಲಗಳ ಮೊತ್ತ ಸೊನ್ನೆಯಾಗುವುದೇ ಎಂದು ಕೇಳಿ. ಮುಂದೆ ಅವರ ಕೈಗೆ ಎಂಥದೇ ಹೊಸ ತಂತ್ರಾಂಶ ಬರಲಿ, ಈ ಎರಡು ಅಭ್ಯಾಸಗಳು ಹಳತಾಗುವುದಿಲ್ಲ.