ಹೊಲ ಕಾಯುವ ಕೋವಿ

ಬೆಳೆಗೆ ಬೀಳುವ ಪ್ರಾಣಿಯನ್ನು ತಡೆಯಲು ರೈತ ಯಾವ ಬಂದೂಕು ಇಟ್ಟುಕೊಳ್ಳಬೇಕು ಎಂಬುದನ್ನು ಕರ್ನಾಟಕದಲ್ಲಿ ತೀರ್ಮಾನಿಸಿದ್ದು ಬಹುಪಾಲು ಕಾಯ್ದೆ. ಪ್ರಾಣಿಯ ಗಾತ್ರ, ರೈತನ ಜೇಬು ಎರಡೂ ಆಮೇಲಿನ ಮಾತು. ಅಮೆರಿಕದಲ್ಲಿ ಕುರಿ ಕದಿಯುವ ಕಯೋಟಿಯನ್ನು ಹೊಡೆಯಲು ಹೊರಟವನು ಅಂಗಡಿಯಲ್ಲಿ ಹತ್ತು ರೈಫಲ್ಲು ಎತ್ತಿ ನೋಡಿ ಅಗ್ಗದ್ದನ್ನು ಆರಿಸಿಕೊಳ್ಳಬಹುದು. ಕಯೋಟಿಯ ದಾಯಾದಿಯಾದ ನರಿ ಇಲ್ಲಿ ಮುಸುಕಿನ ಜೋಳಕ್ಕೋ ಕುರಿಮರಿಗೋ ಬಾಯಿ ಹಾಕಿದಾಗ ಅಂಥ ಆಯ್ಕೆ ರೈತನ ಮುಂದೆ ಎಂದೂ ಇರಲಿಲ್ಲ. ನರಿ, ಕಾಡುಹಂದಿಗಳ ಕಾಟ ಕಂಡ ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿಯ ಬಯಲಿನಲ್ಲೂ ಮಲೆನಾಡಿನ ಕಾಫಿ ತೋಟಗಳಲ್ಲೂ ಹೊಲ ಕಾಯುವ ಕೋವಿ ಬೆಳೆದು ಬಂದ ದಾರಿ ಹೆಚ್ಚು ಕಡಿಮೆ ಒಂದೇ.

ಕೋವಿಗೂ ಮುಂಚೆ ಈ ಕೆಲಸ ನಾಯಿ, ಬಲೆ, ಈಟಿಗಳದ್ದು. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು ಇದಕ್ಕೆ ಸಾಕ್ಷಿ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಕೊಟ್ಟ ಕಾಳಿ ಎಂಬ ನಾಯಿ ಕಾಡುಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ದತ್ತಿ ಬಿಟ್ಟರು. ಸಾಮಾನ್ಯ ಒಕ್ಕಲು ಮಾತ್ರ ಹೊಲದ ನಡುವೆ ಅಟ್ಟಣೆ ಕಟ್ಟಿ, ಕವಣೆ ಬೀಸಿ, ತಮಟೆ ಬಡಿದು ರಾತ್ರಿ ಕಳೆಯುತ್ತಿದ್ದ.

ಬತ್ತಿಯ ಬಂದೂಕು, ಚಕಮಕಿ ಬಂದೂಕುಗಳು ಮೊದಲು ಬಂದದ್ದು ಪಾಳೆಯಪಟ್ಟುಗಳ ಕೋಟೆಗೆ, ಸೈನ್ಯಕ್ಕೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲೇ ಆಯುಧ ತಯಾರಾಗುತ್ತಿತ್ತು. ಆದರೆ ಬತ್ತಿಯನ್ನು ಹೊತ್ತಿಸಿಟ್ಟುಕೊಂಡೇ ಕಾಯಬೇಕಾದ ಬಂದೂಕು ಹೊಲದ ಕಾವಲಿಗೆ ಒಗ್ಗುವಂಥದ್ದಲ್ಲ. ಮಳೆ ಹನಿದರೆ ಬತ್ತಿ ಆರುತ್ತದೆ. ಆರದಿದ್ದರೆ ಹಂದಿ ಅದರ ವಾಸನೆಗೇ ಓಡುತ್ತದೆ. ರೈತನಿಗೆ ದಕ್ಕಿದ ಮೊದಲ ನಿಜವಾದ ಕೋವಿ ಕೇಪಿನದು. ಹೊಡೆತಕ್ಕೆ ಸಿಡಿಯುವ ಮದ್ದನ್ನು ಬಂದೂಕಿಗೆ ಬಳಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ಪುಟ್ಟ ತಾಮ್ರದ ಕೇಪಾಗಿ ಹಳ್ಳಿಯ ಸಂತೆಗೂ ಬಂತು.

ಕೇಪಿನ ಕೋವಿ ತುಂಬುವುದೇ ಒಂದು ಕಸುಬು. ಬುಡವನ್ನು ನೆಲಕ್ಕೂರಿ ನಳಿಗೆಯ ಬಾಯಿಂದ ಮಸಿ, ಅಂದರೆ ಕೋವಿಮದ್ದು, ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನೋ ಹಳೆ ಬಟ್ಟೆಯನ್ನೋ ತುರುಕಿ ಗಜದಿಂದ ಜಡಿಯಬೇಕು. ಆಮೇಲೆ ಚರೆ, ಅದು ಉದುರದಂತೆ ಮತ್ತೊಂದು ಸುತ್ತು ನಾರು. ಕುದುರೆ ಎಂಬ ಸುತ್ತಿಗೆಯನ್ನು ಎಳೆದು ಕೇಪು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಒಂದೇ ಈಡು. ತಪ್ಪಿದರೆ ಎರಡನೆಯದನ್ನು ತುಂಬುವಷ್ಟರಲ್ಲಿ ಹಂದಿ ಪಕ್ಕದೂರು ಸೇರಿರುತ್ತದೆ. ಮಸಿ ತೇವ ಹೀರುತ್ತದೆ. ಸುಟ್ಟ ಮೇಲೆ ಉಳಿಯುವ ಕಿಟ್ಟ ಇನ್ನಷ್ಟು ಹೀರಿ ನಳಿಗೆಯನ್ನು ತಿನ್ನುತ್ತದೆ. ಹಾರಿಸಿದ ದಿನವೇ ಬಿಸಿನೀರಲ್ಲಿ ತೊಳೆದು ಎಣ್ಣೆ ಹಚ್ಚದಿದ್ದರೆ ಒಂದು ಮಳೆಗಾಲಕ್ಕೆ ಕೋವಿ ಮುಗಿಯಿತು. ಕೊಳ್ಳುವಾಗ ಎಲ್ಲಕ್ಕಿಂತ ಅಗ್ಗವಾದ ಈ ಬಂದೂಕು ಇಟ್ಟುಕೊಳ್ಳುವಾಗ ಅಗ್ಗವೇನಲ್ಲ. ಆದರೂ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. ತೋಟಾ ಕೊಳ್ಳುವ ಖರ್ಚಿಲ್ಲ, ಊರಿನ ಕಮ್ಮಾರನೇ ರಿಪೇರಿ ಮಾಡಬಲ್ಲ ಎಂಬ ಎರಡು ಕಾರಣಗಳಲ್ಲದೆ ಮೂರನೆಯದೂ ಇತ್ತು: ಸರ್ಕಾರ ರೈತನ ಕೈಗೆ ಬಿಟ್ಟದ್ದು ಅದನ್ನು ಮಾತ್ರ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬುಡ ಮಡಚಿ ತೋಟಾ ಹಾಕುವ ಕೋವಿಗಳು ಪ್ಲಾಂಟರುಗಳ ಜೊತೆ ಬಂದವು. ಒಂಟಿನಳಿಗೆ, ಜೋಡುನಳಿಗೆಯ 12 ಬೋರ್ ಕೋವಿಯೇ ಇಂದಿಗೂ ತೋಟದ ಮಾಮೂಲು ಆಯುಧ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲ ಅದರ ನಳಿಗೆ, ಸುಮಾರು 18.5 ಮಿಲಿಮೀಟರ್. ರೈಫಲ್ಲು ದೊರೆಗಳ, ಮಹಾರಾಜರ, ವೃತ್ತಿ ಬೇಟೆಗಾರರ ಸೊತ್ತಾಗಿ ಉಳಿಯಿತು. ಬೆಂಗಳೂರಿನ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಬಳಸುತ್ತಿದ್ದದ್ದು .405 ಬೋರಿನ ವಿಂಚೆಸ್ಟರ್ 1895 ಮಾದರಿ. ಯಶವಂತಪುರದ ಪಕ್ಕದ ಜಾಲಹಳ್ಳಿಯ ಚಿರತೆಯ ಕತೆಯೂ ಅವನ ಮೊದಲ ಪುಸ್ತಕದಲ್ಲಿದೆ. ನಗರದ ಉತ್ತರ ಅಂಚು ಆಗ ಎಷ್ಟು ಕಾಡಾಗಿತ್ತು ಎಂಬುದಕ್ಕೆ ಬೇರೆ ದಾಖಲೆ ಬೇಕಿಲ್ಲ.

ಬ್ರಿಟಿಷರ 1878ರ ಆಯುಧ ಕಾಯ್ದೆ ಭಾರತೀಯನ ಕೈಯ ಬಂದೂಕಿಗೆ ಪರವಾನಗಿ ಕಡ್ಡಾಯ ಮಾಡಿತು. ಕೊಡಗು ಇದಕ್ಕೆ ಹೊರತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದಕ್ಕೂ ಮುಂಚಿನಿಂದ ಇದ್ದ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದ್ದು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದು ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜಿಲ್ಲೆಯಲ್ಲಿ ತೋಟಾಕೋವಿ ಮನೆಮನೆಗೆ ಹರಡಿದ್ದಕ್ಕೂ, ಬಯಲುಸೀಮೆಯಲ್ಲಿ ಕೇಪಿನ ಕೋವಿಯೇ ಉಳಿದದ್ದಕ್ಕೂ ಈ ವಿನಾಯಿತಿಯ ಅಂತರ ದೊಡ್ಡ ಕಾರಣ.

1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ 1959ರ ಆಯುಧ ಕಾಯ್ದೆ ರೈತನ ಹೆಸರೆತ್ತಿ ಮಾತಾಡದಿದ್ದರೂ ಅವನ ಕೋವಿಯ ಹೆಸರೆತ್ತುತ್ತದೆ. ಅದರ 13ನೆಯ ಕಲಮಿನ ಪ್ರಕಾರ ಆತ್ಮರಕ್ಷಣೆಗೋ ಕ್ರೀಡೆಗೋ ಆದರೆ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಕೋವಿ. ಬೆಳೆ ರಕ್ಷಣೆಗಾದರೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿಗೆ ಪರವಾನಗಿ ಕೊಡಬಹುದು. ಬೆಳೆ ರಕ್ಷಣೆಗೆ ರೈಫಲ್ಲಿನ ಮಾತೇ ಅಲ್ಲಿಲ್ಲ. ಅದಕ್ಕೆ ತಕ್ಕ ಕಾರಣ ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕು. ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್ ಎಂದು ಬರೆದಿರುವ ಅಕ್ಷರಗಳು ಕ್ರಮವಾಗಿ ಕೇಪಿನ ಕೋವಿ, ಒಂಟಿನಳಿಗೆ, ಜೋಡುನಳಿಗೆ. ಮೊದಲನೆಯದರಿಂದ ಎರಡನೆಯದಕ್ಕೆ ಏರಲು ಎಷ್ಟೋ ರೈತರಿಗೆ ಒಂದು ತಲೆಮಾರು ಹಿಡಿಯಿತು.

ಅದೇ ಕಾಲಕ್ಕೆ ಅಮೆರಿಕದ ದಾರಿ ಪೂರ್ತಿ ಬೇರೆಯಾಗಿತ್ತು. ಅಲ್ಲಿ ಸಣ್ಣ ಗುಂಡು, ಹೆಚ್ಚು ವೇಗ ಎಂಬ ಸೂತ್ರ ಹಿಡಿದು 1950ರಲ್ಲಿ .222 ರೆಮಿಂಗ್ಟನ್, 1955ರಲ್ಲಿ .243 ವಿಂಚೆಸ್ಟರ್, ಅದರ ಮುಂದಿನ ದಶಕದಲ್ಲಿ .223 ಬಂದವು. ಇನ್ನೂರು ಮೀಟರಿನಾಚೆಯ ಕಯೋಟಿಗೂ ಹೆಚ್ಚು ಲೆಕ್ಕಾಚಾರವಿಲ್ಲದೆ ಗುರಿಯಿಡಬಹುದಾಯಿತು. ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್‌ನಂಥ ಅಲಂಕಾರವಿಲ್ಲದ ಅಗ್ಗದ ರೈಫಲ್ಲುಗಳು ಈಚಿನ ವರ್ಷಗಳ ಬೆಳೆ. ಭಾರತದಲ್ಲಿ ಸೇನೆಯ ತೋಟಾ ನಾಗರಿಕರಿಗೆ ನಿಷಿದ್ಧ. ಆದ್ದರಿಂದ .303 ಬಿಟ್ಟು, ಅದೇ ಲೀ-ಎನ್‌ಫೀಲ್ಡ್ ಮೈಕಟ್ಟಿನಲ್ಲಿ .315 ಬೋರಿನ ಸ್ಪೋರ್ಟಿಂಗ್ ರೈಫಲ್ಲನ್ನು ಇಶಾಪುರದ ಸರ್ಕಾರಿ ಕಾರ್ಖಾನೆ ತಯಾರಿಸಿತು. 244 ಗ್ರೇನ್ ತೂಕದ ಅದರ ಗುಂಡು ಹಂದಿಗೆ ಸಾಕು, ನರಿಗೆ ವಿಪರೀತ. .22 ರೈಫಲ್ಲು ಹಗುರ, ತೋಟಾ ಅಗ್ಗ. ಹಂದಿಯನ್ನು ಮಾತ್ರ ಅದು ಗಾಯ ಮಾಡಿ ಬಿಟ್ಟೀತು. ಗಾಯಗೊಂಡ ಹಂದಿ ಎಂಥದ್ದೆಂಬುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆಮದು 1980ರ ದಶಕದಲ್ಲಿ ನಿಂತ ಮೇಲೆ ಹಳೆ ವಿಲಾಯ್ತಿ ಕೋವಿಗಳ ಬೆಲೆ ಏರಿತು. ಸಾಮಾನ್ಯ ರೈತನ ಪಾಲಿಗೆ ಬಿಹಾರದ ಮುಂಗೇರಿನ ಖಾಸಗಿ ಕಾರ್ಖಾನೆಗಳ ಒಂಟಿನಳಿಗೆ ಕೋವಿ ಮತ್ತು ಖಡ್ಕಿಯ ಶಕ್ತಿಮಾನ್ ತೋಟಾ ಕೈಗೆಟುಕುವ ಜೋಡಿಯಾದವು.

ಬಯಲಿಗೆ ರೈಫಲ್ಲು ಒಗ್ಗದಿರಲು ಕಾಯ್ದೆಯಲ್ಲದೆ ನೆಲವೂ ಕಾರಣ. .22ರ ಪುಟ್ಟ ಗುಂಡೂ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು; .315ರದು ಇನ್ನೂ ದೂರ. ಹೆಸರಘಟ್ಟ, ಜಾಲ ಹೋಬಳಿಗಳ ಸಮತಟ್ಟು ಹೊಲಗಳ ಹಿಂದೆ ಗುಂಡು ತಡೆಯುವ ದಿಬ್ಬವಿಲ್ಲ. ಬಡಾವಣೆಯಿದೆ, ಹೆದ್ದಾರಿಯಿದೆ, ವಾಯುನೆಲೆಯಿದೆ. ಚರೆಯ ಪರಿಣಾಮ ಮೂವತ್ತು ನಲವತ್ತು ಮೀಟರಿಗೆ ಮುಗಿಯುತ್ತದೆ, ಅದರಾಚೆ ಬೇಗ ಬಲ ಕಳೆದುಕೊಳ್ಳುತ್ತದೆ. ಈ ವಿಷಯದಲ್ಲಿ ಹಳೆ ಕಾಯ್ದೆಯ ಜಿಪುಣತನ ಬಯಲಿಗೆ ಒಳ್ಳೆಯದನ್ನೇ ಮಾಡಿತು ಎನ್ನಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಶ್ನೆಯನ್ನೇ ಬದಲಿಸಿತು. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಈ ಎರಡನ್ನು ಒಂದೆಂದು ತಿಳಿದು ಕೇಸಿಗೆ ಸಿಕ್ಕಿಬಿದ್ದವರು ಬಹಳ. 2022ರ ತಿದ್ದುಪಡಿಯ ನಂತರ ನರಿ ಒಂದನೆಯ ಅನುಸೂಚಿಯಲ್ಲಿದೆ. ಮನುಷ್ಯನ ಜೀವಕ್ಕೆ ಅಪಾಯವಾದರೆ ಅಥವಾ ಪ್ರಾಣಿ ಗುಣವಾಗದಷ್ಟು ರೋಗಕ್ಕೋ ಗಾಯಕ್ಕೋ ತುತ್ತಾಗಿದ್ದರೆ ಮಾತ್ರ, ಅದೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶದಿಂದ, ಕೊಲ್ಲಲು ಅವಕಾಶ. ಬೆಳೆ, ಕೋಳಿ, ಕುರಿಮರಿ ಹೋಯಿತೆಂಬುದು ಕಾರಣವೇ ಅಲ್ಲ. ಎರಡನೆಯ ಅನುಸೂಚಿಯ ಕಾಡುಹಂದಿಯ ವಿಷಯದಲ್ಲಿ ನಿಂತ ಬೆಳೆಗೆ ಹಾನಿಯೂ ಕಾರಣವಾಗಬಹುದು, ಆದರೆ ಅನುಮತಿ ಬೇಕೇ ಬೇಕು. ನೆರೆಯ ಕೇರಳ ಆ ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಇಲಿ, ಹೆಗ್ಗಣ ತಿಂದು ಹೊಲಕ್ಕೆ ನರಿ ಮಾಡುವ ಉಪಕಾರವನ್ನೂ ಲೆಕ್ಕಕ್ಕೆ ಹಿಡಿದರೆ ಕಾಯ್ದೆಯ ಪಕ್ಷಪಾತ ಅಷ್ಟು ವಿಚಿತ್ರವೆನಿಸದು. ಹೆಸರಘಟ್ಟದ ಹುಲ್ಲುಗಾವಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ ಮೇಲೆ ಆ ಸುತ್ತಿನಲ್ಲಿ ಬಂದೂಕಿನ ಮಾತು ಇನ್ನೂ ಕಷ್ಟ. ಪರವಾನಗಿ ಬೇಡದ ಏರ್‌ಗನ್ನಿಗೂ ಬೇಟೆಯ ವಿಷಯದಲ್ಲಿ ಇದೇ ನಿಯಮ: 2016ರ ಆಯುಧ ನಿಯಮಗಳ ಪ್ರಕಾರ 0.177 ಇಂಚು ಬೋರ್, 20 ಜೌಲ್ ಶಕ್ತಿ ಮೀರದ ಏರ್‌ಗನ್ ಇಟ್ಟುಕೊಳ್ಳಲು ಪರವಾನಗಿ ಬೇಡ, ಅದರಿಂದ ಕಾಡುಪ್ರಾಣಿಗೆ ಹೊಡೆದರೆ ಅಪರಾಧ.

ಹೀಗೆ ಕೋವಿಯ ಕೆಲಸ ಈಗ ಬಹುಪಾಲು ಸದ್ದು ಮಾಡುವುದು. ಸದ್ದಿಗೆ ಜೋಡುನಳಿಗೆಯ ದುಬಾರಿ ಕೋವಿ ಬೇಕಿಲ್ಲ. ಸುಸ್ಥಿತಿಯ ಒಂಟಿನಳಿಗೆ ಸಾಕು. ಅಂಗಡಿಗಳಲ್ಲಿ ಹೊಸದಕ್ಕಿಂತ ಕೈ ಬದಲಾದ ಕೋವಿ ಅಗ್ಗಕ್ಕೆ ಸಿಗುತ್ತದೆ, ಆದರೆ ನೋಡಿ ತೆಗೆದುಕೊಳ್ಳಬೇಕು. ಬುಡ ಮಡಚಿ, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೋಡೆ ಕನ್ನಡಿಯಂತೆ ಹೊಳೆಯಬೇಕು. ಕಪ್ಪು ಚುಕ್ಕೆ ತುಕ್ಕಿನ ಗುಳಿ. ಒಳಗೆ ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಮುಚ್ಚಿದ ಮೇಲೆ ನಳಿಗೆ, ಹಿಡಿಗಳ ನಡುವೆ ಅಲುಗಾಟವಿರಕೂಡದು. ಪರೀಕ್ಷೆಯ ಮುದ್ರೆಯೂ ನಂಬರೂ ಸ್ಪಷ್ಟವಿರಬೇಕು, ನಂಬರು ಕಾಗದಕ್ಕೆ ತಾಳೆಯಾಗಬೇಕು.

ಖರ್ಚಿನಲ್ಲಿ ಕಾಗದದ ಪಾಲು ಸಣ್ಣದಲ್ಲ. ಬೆಂಗಳೂರು ನಗರದಲ್ಲಿ ಪರವಾನಗಿ ಪೊಲೀಸ್ ಕಮಿಷನರರದು, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯದು. ಬೆಳೆ ರಕ್ಷಣೆಗೆ ಕೇಳುವವರು ಜಮೀನು, ಬೆಳೆಯ ವಿವರ ಕೊಡಬೇಕು. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಹೆಚ್ಚಿಸಿ, ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಚುನಾವಣೆ ಬಂದರೆ ಕೋವಿ ಠಾಣೆಗೆ. ಹಂದಿಗೆ ನೀತಿಸಂಹಿತೆ ಇಲ್ಲವೆಂಬುದು ಮಲೆನಾಡಿನವರ ಹಳೆ ಗೊಣಗು. ಎಲ್ಲಕ್ಕಿಂತ ಕಡಿಮೆ ಖರ್ಚಿನದು ಮನೆಯಲ್ಲೇ ಇರುವ ಕೋವಿ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ 25 ವರ್ಷ ಅವರ ಕೈಯಲ್ಲಿದ್ದರೆ, ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ತೀರಿಕೊಂಡ ಮೇಲೆ ಬೇರೆ ಅರ್ಜಿ. ವಾರಸುದಾರರು ಅರ್ಹತೆಯ ಪರಿಶೀಲನೆ ದಾಟಿ ತಮ್ಮ ಹೆಸರಿಗೆ ಪರವಾನಗಿ ಪಡೆಯುವವರೆಗೂ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.