ಸೀರಿಯಲ್ ದೀಪದ ಸರ: ಕತ್ತರಿ ಹಾಕುವ ಮುನ್ನ

ಪುಣೆ ಜಿಲ್ಲೆಯ ಘೋಡ್ ನದಿಯ ದಂಡೆಯಲ್ಲಿರುವ ಶಿರೂರಿನ ಕನ್ನಡ ಮನೆಗಳಿಗೆ ಭಾದ್ರಪದದಿಂದ ಕಾರ್ತಿಕದವರೆಗೆ ದೀಪಗಳದೇ ಕಾಲ. ಗಣಪತಿಯ ಮಂಟಪಕ್ಕೊಂದು ಸರ, ದೀಪಾವಳಿಗೆ ಬಾಲ್ಕನಿಯ ಕಂಬಿಗೊಂದು ಸರ. ಪುಣೆಯ ತಪಕೀರ ಗಲ್ಲಿಯಿಂದ ಎಂದೋ ತಂದ ಸೀರಿಯಲ್ ಸೆಟ್ಟುಗಳು ಅಟ್ಟದಿಂದ ಇಳಿದಾಗ ಪ್ರತಿವರ್ಷ ಎರಡು ಪ್ರಶ್ನೆಗಳು ಏಳುತ್ತವೆ. ಉದ್ದವಾದ ಸರವನ್ನು ಕತ್ತರಿಸಬಹುದೇ? ಉರಿಯದ ಸರವನ್ನು ಸರಿಪಡಿಸುವುದು ಹೇಗೆ?

ಮೊದಲ ಪ್ರಶ್ನೆಗೆ ಉತ್ತರ ಆ ಹೆಸರಿನಲ್ಲೇ ಇದೆ. ಸೀರಿಯಲ್ ಎಂದರೆ ಸರಣಿ ಜೋಡಣೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟನ್ನು ಸರದ ಬಲ್ಬುಗಳು ತಮ್ಮೊಳಗೆ ಹಂಚಿಕೊಳ್ಳುತ್ತವೆ. 50 ಬಲ್ಬುಗಳಿದ್ದರೆ ಒಂದೊಂದಕ್ಕೆ 4.6 ವೋಲ್ಟ್. ಸರವನ್ನು ಅರ್ಧಕ್ಕಿಳಿಸಿ ಜೋಡಿಸಿದರೆ ಉಳಿದ 25 ಬಲ್ಬುಗಳಿಗೆ ತಲಾ 9.2 ವೋಲ್ಟ್ ಬೀಳುತ್ತದೆ. ಆಗ ತಂತಿನ ಬಲ್ಬೊಂದು ಮೊದಲಿಗಿಂತ ಸುಮಾರು ಮೂರು ಪಟ್ಟು ವಿದ್ಯುತ್ತನ್ನು ನುಂಗಿ ಕಾಯುತ್ತದೆ. ಒಮ್ಮೆ ಗಣೇಶ ಚತುರ್ಥಿಯ ಮುನ್ನಾದಿನ ನಾವೇ ಇದನ್ನು ಮಾಡಿ ನೋಡಿದೆವು. ಸರ ಬೆಳ್ಳಗೆ ಝಗಝಗಿಸಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಅಷ್ಟರಲ್ಲಿ ಎಲ್ಲವೂ ಆರಿತು. ಮಂಟಪದ ಥರ್ಮೋಕೋಲಿನಲ್ಲಿ ಬಲ್ಬು ತಾಗಿದ್ದೆಡೆಯೆಲ್ಲ ಕರಗಿದ ಗುಳಿಗಳು ಉಳಿದವು. ಬೆಂಕಿ ಹತ್ತದೇ ಇದ್ದುದು ನಮ್ಮ ಪುಣ್ಯ.

ಮೈಸೂರು ಅರಮನೆಯಲ್ಲಿ ಸುಮಾರು 97 ಸಾವಿರ ದೀಪಗಳಿದ್ದರೂ ಒಂದು ಕೆಟ್ಟರೆ ನೆರೆಯದು ಆರುವುದಿಲ್ಲವಲ್ಲ ಎಂದು ಕೇಳುವವರುಂಟು. ಅಲ್ಲಿರುವುದು ಸಮಾಂತರ ಜೋಡಣೆ. ಪ್ರತಿ ದೀಪಕ್ಕೂ ಪೂರ್ಣ ವೋಲ್ಟೇಜು ತಲುಪುತ್ತದೆ.

ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಎಲ್‌ಇಡಿ ಸರಗಳಲ್ಲೂ ಸಾಮಾನ್ಯವಾಗಿ ಸರಣಿ ಜೋಡಣೆಯೇ ಇರುತ್ತದೆ. ಅವನ್ನೂ ಮೊಟಕುಗೊಳಿಸಬಾರದು. ಹೆಚ್ಚಾದ ಉದ್ದವನ್ನು ಕಂಬಿಗೆ ಸಡಿಲವಾಗಿ ಸುತ್ತುವುದು ಅಥವಾ ಮಂಟಪದ ಹಿಂದೆ ಇಳಿಬಿಡುವುದು ಲೇಸು. 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನಾದರೆ ಅದರ ಮೇಲಿನ ಕತ್ತರಿ ಗುರುತಿನಲ್ಲಿ, ಸಾಮಾನ್ಯವಾಗಿ ಮೂರು ದೀಪಗಳಿಗೊಮ್ಮೆ, ಕತ್ತರಿಸಬಹುದು. 230 ವೋಲ್ಟಿನ ಕೊಳವೆ ದೀಪವನ್ನೂ ಗುರುತಿದ್ದಲ್ಲಿ ಮಾತ್ರ ಕತ್ತರಿಸಿ, ತುದಿಗೆ ಅದರ ಮುಚ್ಚಳ ಹಾಕಬೇಕು.

ಇನ್ನು ಉರಿಯದ ಸರ. ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಸಿಕ್ಕಿಸಬಹುದಾದ್ದರಿಂದ, ಆರಿದ ಸರದಲ್ಲೂ ತುಂಡಾದ ಜಾಗದವರೆಗೆ ಫೇಸ್ ಇರಬಹುದು. ಪೂರ್ಣ ಸರ ಕತ್ತಲಾಗಿದ್ದರೆ ಪ್ಲಗ್ಗಿನ ಬುಡ ಮತ್ತು ಮಿನುಗುವ ಡಬ್ಬಿಯ ಬೆಸುಗೆಗಳನ್ನು ನೋಡಬೇಕು. ಒಂದು ಭಾಗವಷ್ಟೇ ಕತ್ತಲಾಗಿದ್ದರೆ ದೋಷ ಆ ಸಾಲಿನೊಳಗಿದೆ: ಕಪ್ಪಾದ ಗಾಜು, ಸಡಿಲವಾದ ಬಲ್ಬು, ತುಕ್ಕು ಹಿಡಿದ ಕಾಲು.

ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರ್ ಬೇಕು. ಕಳಚುವ ತಂತಿನ ಬಲ್ಬುಗಳ ಸರದಲ್ಲಿ ನಡುವಿನ ಬಲ್ಬನ್ನು ತೆಗೆದು, ಪ್ಲಗ್ಗಿನ ಪಿನ್ನಿಗೂ ಆ ಹಿಡಿಕೆಗೂ ಸಂಪರ್ಕವಿದೆಯೇ ಎಂದು ಅಳೆಯಬೇಕು. ಇದ್ದರೆ ದೋಷ ಇನ್ನೊಂದು ಅರ್ಧದಲ್ಲಿ. ಹೀಗೆ ಅರ್ಧಿಸುತ್ತ ಹೋದರೆ 50 ಬಲ್ಬುಗಳ ಸಾಲಿನಲ್ಲಿ ಕೆಟ್ಟ ಒಂದು ಬಲ್ಬು ಆರು ಪರೀಕ್ಷೆಗಳೊಳಗೆ ಸಿಕ್ಕುತ್ತದೆ. ಒಂದೊಂದೇ ಬಲ್ಬು ಬದಲಿಸುತ್ತ ಸಂಜೆಯನ್ನು ಕಳೆಯುವ ಯಜಮಾನರು ಇದನ್ನು ಗಮನಿಸಬಹುದು. ಹೊಸ ಬಲ್ಬು ಹಳೆಯದರಷ್ಟೇ ವೋಲ್ಟಿನದಾಗಿರಬೇಕು. ಕೆಟ್ಟ ಬಲ್ಬಿನ ಕಾಲುಗಳನ್ನು ಹೊಸೆದು ನೇರ ಜೋಡಿಸುವ ರೂಢಿಯೂ ಸರವನ್ನು ಮೊಟಕುಗೊಳಿಸಿದಂತೆಯೇ. ಪ್ರತಿ ಸಲವೂ ಉಳಿದವುಗಳ ಹೊರೆ ಏರುತ್ತದೆ.

ನಾವು ಹೆಚ್ಚು ಅಂಜುವುದು ಸೆಲ್ಲೋಟೇಪು ಸುತ್ತಿದ ತಂತಿಯ ಗಂಟಿಗೆ. ಒದ್ದೆಯಾದ ಕಬ್ಬಿಣದ ಕಂಬಿಗೆ ಅದು ತಾಗಿದರೆ ಇಡೀ ಕಂಬಿಗೆ ವಿದ್ಯುತ್ ಹರಿಯಬಹುದು, ಮಕ್ಕಳ ಕೈ ಮೊದಲು ಹೋಗುವುದೂ ಅಲ್ಲಿಗೇ. ಅಂಥ ಸರವನ್ನು ಎಸೆಯಬೇಕು. ಬಾಲ್ಕನಿಗೆ ಹೊರಾಂಗಣದ್ದೆಂದು ನಮೂದಿಸಿದ ಸರವನ್ನೇ ಕೊಂಡು, ಆ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿಕೊಳ್ಳಬೇಕು.